ನೋವಿಲ್ಲದ ಕಾಲು

ಮಗಳಿಗೆ ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಬೆರಳ ಸಂದಿಯಲ್ಲಿ ಹಿಡಿದಿದ್ದೆ. ಅವಳು ನನ್ನ ಮೊಣಕಾಲುಗಳ ನಡುವೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ಅಂಗಡಿಯಿಂದ ನನ್ನ ಗಂಡ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಿದ್ದರು. ಆ ಸದ್ದಿನ ಅರ್ಥ ನನಗೆ ಹನ್ನೊಂದು ವರ್ಷದಿಂದ ಗೊತ್ತು.

"ಬೇಗ ನುಂಗು," ಎಂದೆ ಮಗಳಿಗೆ.

ಇವರದು ಗಾಜಿನ ಕೆಲಸ. ಕಿಟಕಿಗೆ, ಕಪಾಟಿಗೆ, ಅಂಗಡಿಗಳ ಮುಂಭಾಗಕ್ಕೆ ಗಾಜು ಕತ್ತರಿಸಿ ಕೂರಿಸುತ್ತಾರೆ. ಬೀದಿಯವರೆಲ್ಲ ಗಾಜಿನಣ್ಣ ಎಂದು ಕರೆಯುತ್ತಾರೆ. ಕೂದಲೆಳೆಯಷ್ಟೂ ಅಳತೆ ತಪ್ಪದ ಕೈ ಎಂದು ಹೊಗಳುತ್ತಾರೆ. ಅವತ್ತು ಆ ಕೈಯಲ್ಲಿ, ಗಾಜಿನ ಮೇಲಿಟ್ಟು ಗೆರೆ ಎಳೆಯುವ ಉದ್ದನೆಯ ಮರದ ಪಟ್ಟಿ ಇತ್ತು.

"ನನ್ನ ಕೆಂಪು ಮೇಣದ ಪೆನ್ಸಿಲ್ ಎಲ್ಲಿ?"

ಗಾಜಿನ ಮೇಲೆ ಗುರುತು ಹಾಕುವ ಪೆನ್ಸಿಲ್ ಅದು. ಮಗಳ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಕೇಳಿಸ್ಲಿಲ್ವಾ? ಗಿರಾಕಿ ಬಾಗಿಲಲ್ಲಿ ನಿಂತಿದಾನೆ. ಯಾತರಲ್ಲಿ ಗೆರೆ ಹಾಕ್ಲಿ, ಉಗುರಿನಲ್ಲಾ?"

"ನಾನು ಹುಡುಕಿ ಕೊಡ್ತೀನಿ ರೀ."

"ನಿನ್ನ ಕೇಳ್ಲಿಲ್ಲ. ಇವಳನ್ನ ಕೇಳ್ತಿದೀನಿ."

"ಅಂಗಳದಲ್ಲಿ ಕುಂಟಾಬಿಲ್ಲೆ ಮನೆ ಬರೆದೆ ಅಪ್ಪಾ," ಎಂದಳು ಮಗಳು. "ಬರೀತಾ ಬರೀತಾ ಮುಗಿದೋಯ್ತು."

ಪಟ್ಟಿ ಮೊದಲು ನನ್ನ ಭುಜಕ್ಕೆ ಬಿತ್ತು. ಅದು ಹೊಸದೇನಲ್ಲ. ಆದರೆ ಮರುಕ್ಷಣವೇ ಇವರು ಬಗ್ಗಿ, ನಾನು ಆಗಷ್ಟೇ ಹೆಣೆದಿದ್ದ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮಗಳನ್ನು ಎಳೆದು ನಿಲ್ಲಿಸಿದರು. ಅಲ್ಲಿಯವರೆಗೆ ಇವರ ಕೈ ಅವಳ ಮೇಲೆ ಬಿದ್ದಿರಲಿಲ್ಲ. ಅಷ್ಟನ್ನಾದರೂ ತಡೆದಿದ್ದೇನೆ, ಹನ್ನೊಂದು ವರ್ಷದ ನನ್ನ ಗಳಿಕೆ ಅದೊಂದೇ ಎಂದುಕೊಂಡಿದ್ದೆ. ಪಟ್ಟಿ ಅವಳ ಕಾಲಿಗೆ ಬಿತ್ತು. ಒಂದು, ಎರಡು. ನಾನು ಇವರ ಸೊಂಟ ಹಿಡಿದು ಜಗ್ಗಿದೆ. ಮೊಣಕೈಯಿಂದ ತಿವಿದರು, ಗೋಡೆಗೆ ಹೋಗಿ ಬಿದ್ದೆ.

ಆಗ ಅಡುಗೆಮನೆಯಿಂದ ಅತ್ತೆ ಬಂದರು.

ಇವರು ನನ್ನನ್ನು ಹೊಡೆಯುವಾಗ ಅತ್ತೆ ಒಂದು ದಿನವೂ ನಡುವೆ ಬಂದವರಲ್ಲ. ಅಡುಗೆಮನೆಯಲ್ಲಿ ರೇಡಿಯೊ ಜೋರು ಮಾಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬಿಸಿನೀರಲ್ಲಿ ಬಟ್ಟೆ ಹಿಂಡಿ ತಂದುಕೊಟ್ಟು, "ಇವನಪ್ಪನೂ ಹೀಗೇ ಕಣೇ. ಉಕ್ಕುತ್ತೆ, ಇಳಿಯುತ್ತೆ," ಎನ್ನುತ್ತಿದ್ದರು. ಅವತ್ತು ಮಾತ್ರ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಗನ ಮುಂದೆ ನಿಂತರು.

"ಬಿಡೋ ಅವಳನ್ನ! ಹೆಣ್ಣುಮಗು ಕಣೋ ಅದು!"

ನಾನೂ ಒಂದು ಮನೆಯ ಹೆಣ್ಣುಮಗುವೇ. ಅದನ್ನು ಹೇಳುವ ಹೊತ್ತಲ್ಲ ಅದು.

"ನೀನು ಒಳಗೆ ಹೋಗಮ್ಮ."

"ಹೋಗಲ್ಲ. ಏನು ಮಾಡ್ತೀಯೋ ಮಾಡು."

ಇವರು ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ತಳ್ಳಿದರು. ಅಡುಗೆಮನೆಯ ಹೊಸ್ತಿಲಿಗೆ ಹಿಮ್ಮಡಿ ತಾಗಿ ಅತ್ತೆ ಎಡಮಗ್ಗುಲಾಗಿ ಬಿದ್ದರು. ಒದ್ದೆ ಮೂಟೆ ಬಿದ್ದಂಥ ಸದ್ದು. ಆಮೇಲೆ ಒಂದು ಕೂಗು. ಅತ್ತೆಯ ಬಾಯಿಂದ ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಪಟ್ಟಿಯನ್ನು ಎಸೆದು ಇವರು ಎತ್ತಲು ಹೋದರೆ, ಅತ್ತೆ ನೋವು ತಾಳಲಾರದೆ ಮಗನ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿಬಿಟ್ಟರು.

"ಮುಟ್ಬೇಡಾ! ಯಾರೂ ಮುಟ್ಬೇಡಿ!"

ಇವರು ಕೈ ಒತ್ತಿಹಿಡಿದು ನಮ್ಮ ಮೂವರನ್ನೂ ನೋಡಿದರು. ಮುಖ ಬೆಳ್ಳಗಾಗಿತ್ತು.

"ಬಚ್ಚಲಲ್ಲಿ ಜಾರಿದ್ದು," ಎಂದರು. "ಕೇಳಿಸ್ತಾ? ಬಚ್ಚಲಲ್ಲಿ."

ಕೂಗಿನ ನಡುವೆಯೇ ಅತ್ತೆ, "ಹೂಂ, ಬಚ್ಚಲಲ್ಲಿ," ಎಂದರು.

*

ಆಂಬ್ಯುಲೆನ್ಸ್ ಪ್ರತಿ ಗುಂಡಿಗೆ ಕುಲುಕಿದಾಗಲೂ ಅತ್ತೆ ಕಿರುಚಿದರು. ಮಗಳನ್ನು ಬಿಟ್ಟುಬರಲು ಯಾರೂ ಇರಲಿಲ್ಲ. ಒಂದು ಜಡೆ, ಒಂದು ಬಿಚ್ಚುಗೂದಲಿನಲ್ಲೇ ನನ್ನ ಪಕ್ಕ ಕೂತಿದ್ದಳು. ಬಾಸುಂಡೆ ಕಾಣದಿರಲೆಂದು ಕಾಲುಚೀಲವನ್ನು ಮೇಲಕ್ಕೆಳೆದುಕೊಂಡಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಮರ್ಜೆನ್ಸಿಯಲ್ಲಿ ಎರಡೂ ಬದಿಗೆ ಕಬ್ಬಿಣದ ಕಂಬಿಯಿದ್ದ ಗಾಲಿಮಂಚಕ್ಕೆ ಅತ್ತೆಯನ್ನು ಹಾಕಿದರು. ಸುತ್ತ ಹಸಿರು ಪರದೆ. ಧಡೂತಿ ನರ್ಸ್ ಒಬ್ಬರು ಬರೆದುಕೊಳ್ಳಲು ಬಂದರು.

"ಹೇಗೆ ಬಿದ್ರು?"

"ಬಚ್ಚಲಲ್ಲಿ ಜಾರಿದ್ರು," ಎಂದರು ಇವರು.

"ಬಟ್ಟೆ ಒದ್ದೆಯಾಗಿಲ್ವಲ್ಲ."

"ನೀರು ಹಾಕ್ಕೊಳ್ಳೋಕೆ ಮುಂಚೆ."

"ಕೈಯಲ್ಲಿ ಹಿಟ್ಟಿದೆ."

"ನಿಮಗೆ ಕಾಲು ನೋಡೋ ಕೆಲಸಾನೋ, ಕೈ ನೋಡೋ ಕೆಲಸಾನೋ?"

ನರ್ಸ್ ಅತ್ತೆಯ ತೋಳನ್ನು ತಿರುಗಿಸಿ ನೋಡಿ, ಏನನ್ನೋ ಬರೆದುಕೊಂಡರು. ಎಕ್ಸ್‌ರೇ ಕೋಣೆಯಲ್ಲಿ ಕಾಲು ಸರಿಸುವಾಗ ಅತ್ತೆ ತಮಗೆ ಗೊತ್ತಿದ್ದ ಕೆಟ್ಟ ಮಾತುಗಳನ್ನೆಲ್ಲ ಆಡಿದರು; ಗೊತ್ತಿಲ್ಲದಿದ್ದನ್ನು ಆಗಲೇ ಕಟ್ಟಿದರು. ಒಳ್ಳೆಯ ಕಾಲಿನಿಂದ ಆಳೊಬ್ಬನನ್ನು ಒದ್ದರು. ಅವನು ಹೊಟ್ಟೆ ಹಿಡಿದುಕೊಂಡು, "ಈ ಕಾಲಂತೂ ಗಟ್ಟಿಯಾಗಿದೆ ಅಜ್ಜಿ," ಎಂದ.

ಡಾಕ್ಟರ್ ಚಿಕ್ಕ ಹುಡುಗಿಯ ಹಾಗಿದ್ದರು. ಮಂಚ ಎಟುಕದೆ ಕಾಲಡಿಗೆ ಒಂದು ಮೆಟ್ಟಿಲುಮಣೆ ಎಳೆದುಕೊಂಡರು. ಇವರು ಆಗ ಹೆಸರು ಬರೆಸಲು ಹೊರಗೆ ಸಾಲಿನಲ್ಲಿ ನಿಂತಿದ್ದರು.

"ತೊಡೆಮೂಳೆ ಸೊಂಟದ ಹತ್ರ ಬಿರುಕು ಬಿಟ್ಟಿದೆ," ಎಂದರು ಡಾಕ್ಟರ್. "ಆದ್ರೆ ಜಾಗದಿಂದ ಜರುಗಿಲ್ಲ, ಪುಣ್ಯ. ನಾಳೆ ಮೂರು ಸ್ಕ್ರೂ ಹಾಕಿದ್ರೆ ನಿಲ್ಲುತ್ತೆ. ಈಗ ಮೊದಲು ನೋವು ತೆಗೀತೀನಿ."

"ಪ್ರಾಣಾನೇ ತೆಗೆದುಬಿಡು ತಾಯಿ," ಎಂದರು ಅತ್ತೆ.

"ಅದು ಬೇಡ ಅಜ್ಜಿ, ನೋವು ಸಾಕು. ಈ ವಯಸ್ಸಲ್ಲಿ ಜೋರಾದ ಔಷಧಿ ಕೊಟ್ರೆ ಮಂಪರು ಬಂದು ಯಾರು ಮಗ, ಯಾರು ಸೊಸೆ ಅಂತ ಗೊತ್ತಾಗದ ಹಾಗಾಗುತ್ತೆ. ಅದಕ್ಕೆ ತೊಡೆಸಂದಿಯ ನರದ ಹತ್ರಾನೇ ಒಂದು ಇಂಜೆಕ್ಷನ್. ಆ ಕಾಲು ಮಾತ್ರ ಮರಗಟ್ಟುತ್ತೆ. ತಲೆ ಚೊಕ್ಕವಾಗಿರುತ್ತೆ."

"ಸೂಜಿ ಹೊಟ್ಟೆಗೆ ಹೋಗಲ್ವಾ?" ಎಂದಳು ಮಗಳು. ಅವಳು ಸುಮ್ಮನಿರುವ ಮಗುವಲ್ಲ.

"ಬಾ ಇಲ್ಲಿ," ಎಂದು ಡಾಕ್ಟರ್ ಸ್ಕ್ಯಾನಿಂಗ್ ಯಂತ್ರದ ಸಣ್ಣ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದರು. "ಡುಬ್ ಡುಬ್ ಅಂತಿದೆಯಲ್ಲ, ಅದು ರಕ್ತನಾಳ. ಅದನ್ನ ಮುಟ್ಟಲ್ಲ. ಪಕ್ಕದಲ್ಲಿ ನರ. ಈ ಬಿಳಿ ಗೆರೆಯ ಕೆಳಗೆ ಔಷಧಿ ಹರಡುತ್ತೆ, ನೋಡ್ತಿರು."

ಮಗಳು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬೂದುಬಣ್ಣದ ನಡುವೆ ಕಪ್ಪಗೆ ಏನೋ ಹರಡಿತು. ಸೂಜಿ ತೆಗೆದು, ಕೈಗವಸು ಕಳಚಿ, ಡಾಕ್ಟರ್ ನನ್ನ ಮುಖ ನೋಡಿದರು.

"ಗಮನ ಇಟ್ಟು ಕೇಳಿ. ಇಪ್ಪತ್ತು ನಿಮಿಷದಲ್ಲಿ ನೋವು ಹೋಗುತ್ತೆ, ಮುರಿದಿದ್ದು ಹೋಗಲ್ಲ. ಆ ಕಾಲಲ್ಲಿ ಬಲ ಇರಲ್ಲ. ಎದ್ದು ಕೂರಿಸಬೇಡಿ, ಕಾಲು ನೆಲಕ್ಕೆ ಊರಬಾರದು, ಈ ಕಂಬಿ ಇಳಿಸಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ.

ಮಗಳೂ ತಲೆಯಾಡಿಸಿದಳು. ಪಕ್ಕದ ಪರದೆಯಿಂದ ಯಾರೋ ಕೂಗಿದರು. ಡಾಕ್ಟರ್ ಅಲ್ಲಿಗೆ ಹೋದರು.

ನೋವು ಇಳಿದದ್ದು ಅತ್ತೆಯ ಕೈಯಲ್ಲಿ ಕಂಡಿತು. ಕಂಬಿಯನ್ನು ಬಿಗಿಹಿಡಿದಿದ್ದ ಬೆರಳು ಒಂದೊಂದಾಗಿ ಸಡಿಲವಾದವು. ಹಣೆಯ ಗಂಟು ಬಿಚ್ಚಿಕೊಂಡಿತು. ಒಂದು ಲೋಟ ನೀರು ಕೇಳಿದರು.

"ಏನೇ ಇದು! ನಮ್ಮ ಕಾಲದಲ್ಲಿ ಎಲ್ಲಿತ್ತೇ ಈ ಸೂಜಿ? ನನ್ನ ಮದುವೆ ದಿನಾನೇ ಒಂದು ಚುಚ್ಚಿಸ್ಕೊಂಡು ಬರ್ತಿದ್ದೆ."

ನಗು ಬಂತು. ನಾನೂ ಅತ್ತೆಯೂ ಒಟ್ಟಿಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಅಷ್ಟರಲ್ಲಿ ನರ್ಸ್ ಬಂದು ಪರದೆ ಎಳೆದರು.

"ಅಜ್ಜಿ, ಈಗ ಮಾತಾಡಬಹುದಲ್ಲ? ತೋಳಲ್ಲಿ ಇದೇನು, ನಾಲ್ಕು ಬೆರಳು, ಒಂದು ಹೆಬ್ಬೆರಳು?"

ಅತ್ತೆ ಕಣ್ಣು ಮುಚ್ಚಿದರು. ಅದುವರೆಗೆ ಏನು ಕೇಳಿದರೂ ಕಿರುಚಿದರೆ ಸಾಕಿತ್ತು.

"ಈಗ ಬೇಡ ಬಿಡಿ. ಇನ್ನರ್ಧ ಗಂಟೇಲಿ ಇಂಥ ಕೇಸು ನೋಡೋ ಒಬ್ರು ಮೇಡಂ ಬರ್ತಾರೆ. ನಿಮ್ಮೊಬ್ರ ಹತ್ರಾನೇ ಮಾತಾಡ್ತಾರೆ. ಮಗ, ಸೊಸೆ ಹೊರಗಿರ್ಬೇಕು."

ನರ್ಸ್ ಆಚೆ ಹೋಗುವುದಕ್ಕೂ ಇವರು ಚೀಟಿ ಹಿಡಿದು ಬರುವುದಕ್ಕೂ ಸರಿಹೋಯಿತು. ಅತ್ತೆ ಎಲ್ಲ ಹೇಳಿದರು.

"ಯಾರು ಬರೋದು? ಪೊಲೀಸಾ?"

"ಯಾವಳೋ ಮೇಡಮ್ಮಂತೆ. ಮಗಾ, ನನಗೆ ನೋವೇ ಇಲ್ಲ ಕಣೋ. ನೋಡು, ಒತ್ತಿದ್ರೂ ಇಲ್ಲ. ಅವಳು ಬರೋದ್ರೊಳಗೆ ಮನೆಗೆ ಹೋಗೋಣ."

"ನಿಜವಾಗ್ಲೂ ನೋವಿಲ್ವಾ?"

"ನಿನ್ನಾಣೆ."

ಇವರು ನನ್ನ ಕಡೆ ತಿರುಗಿದರು. "ಕಂಬಿ ಇಳಿಸು."

"ಡಾಕ್ಟರ್ ಊರಬಾರದು ಅಂದಿದಾರೆ..."

"ಇಳಿಸು ಅಂದೆ."

"ಇಳಿಸೇ, ಮೊದ್ದಿನ ಹಾಗೆ ನಿಂತಿದೀಯಲ್ಲ," ಎಂದರು ಅತ್ತೆ. "ನನ್ನ ಕಾಲು ನನಗೆ ಗೊತ್ತಿಲ್ವಾ? ನನ್ನ ಮಗ ಜೈಲಿಗೆ ಹೋದ್ರೆ ನಿನಗೆ ಹಬ್ಬ ಅಲ್ವಾ?"

ಇವರು ಕೈ ಎತ್ತಿರಲಿಲ್ಲ. ಎತ್ತಿದ್ದರೂ ಅಲ್ಲಿ ಕೂಗಿದರೆ ಹತ್ತು ಜನ ಬರುತ್ತಿದ್ದರು. ಕಂಬಿಯ ಕೊಕ್ಕೆ ಬಿಗಿಯಾಗಿತ್ತು. ಒತ್ತಬೇಕು, ತುಸು ಮೇಲೆತ್ತಬೇಕು, ಆಮೇಲೆ ಇಳಿಸಬೇಕು. ಮೂರು ಕೆಲಸ. ಮೂರನ್ನೂ ನಾನೇ ಮಾಡಿದೆ.

ಇವರು ಬಗಲಿಗೆ ಕೈಕೊಟ್ಟು ಎಬ್ಬಿಸಿದರು. ಅತ್ತೆ ನೆಟ್ಟಗೆ ಕೂತರು. "ನೋಡಿದ್ಯಾ?" ಎಂದರು. ಒಳ್ಳೆಯ ಕಾಲು ಇಳಿಸಿದರು, ಇನ್ನೊಂದನ್ನೂ ಇಳಿಸಿದರು. ಭಾರ ಬಿದ್ದದ್ದೇ ತಡ, ಎಡಮೊಣಕಾಲು ಬಟ್ಟೆಯ ಹಾಗೆ ಮಡಚಿಕೊಂಡಿತು. ಇವರ ಕೈಯಿಂದ ಜಾರಿ ಅತ್ತೆ ಕುಸಿದರು. ಬಲಗೈ ಅಡಿಗೆ ಸಿಕ್ಕಿತು. ಕೈಗೆ ಅಯ್ಯೋ ಎಂದರು. ಕಾಲಿಗೆ ಏನೂ ಅನ್ನಲಿಲ್ಲ. ಹೊರಕ್ಕೆ ತಿರುಚಿಕೊಂಡು ಗಿಡ್ಡವಾಗಿ ಬಿದ್ದಿದ್ದ ಕಾಲನ್ನು ನೋಡಿ, "ಇದು ಯಾರ ಕಾಲೇ?" ಎಂದು ನನ್ನನ್ನೇ ಕೇಳಿದರು.

ಪರದೆಯ ಪಕ್ಕ ಮಗಳು ನಿಂತಿದ್ದಳು. ಅಜ್ಜಿಯನ್ನು ನೋಡುತ್ತಿರಲಿಲ್ಲ, ಅಪ್ಪನನ್ನೂ ನೋಡುತ್ತಿರಲಿಲ್ಲ. ಇನ್ನೂ ಕಂಬಿಯ ಮೇಲಿದ್ದ ನನ್ನ ಕೈಯನ್ನು ನೋಡುತ್ತಿದ್ದಳು.

*

ಮೂರು ಸ್ಕ್ರೂ ಸಾಕಾಗಲಿಲ್ಲ. ಮೂಳೆ ಪೂರ್ತಿ ಜರುಗಿದ್ದರಿಂದ ಅರ್ಧ ಕೀಲನ್ನೇ ತೆಗೆದು ಲೋಹದ್ದು ಹಾಕಿದರು. ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಕಟ್ಟು. ಮಾತಾಡಲು ಬಂದ ಮೇಡಂಗೆ ಅತ್ತೆ ಮೂರು ದಿನವೂ ಒಂದೇ ಉತ್ತರ ಕೊಟ್ಟರು: ಬಚ್ಚಲು. ನನ್ನನ್ನೂ ಕೇಳಿದರು. ನಾನೂ ಬಚ್ಚಲು ಎಂದೆ.

ಹನ್ನೆರಡನೇ ದಿನ ಮನೆಗೆ ಕರೆತಂದೆವು. ನಡುಮನೆಯ ಕಿಟಕಿ ಪಕ್ಕ ಮಂಚ ಹಾಕಿದೆ. ರೇಡಿಯೊ ಬೇಕೆಂದರು, ತಂದು ತಲೆದೆಸೆಗೆ ಇಟ್ಟೆ. ಬೆಳಿಗ್ಗೆ ಮೈ ಒರೆಸುವುದು, ಮಲಮೂತ್ರದ ಪಾತ್ರೆ, ಬೆನ್ನಿಗೆ ಪೌಡರು, ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಜಿ, ಬೇಯಿಸಿದ ಮೊಟ್ಟೆ, ಹಾಸಿಗೆ ಬಟ್ಟೆ ಒಗೆಯುವುದು. ಕೈಗೆ ಕಟ್ಟು ಇದ್ದುದರಿಂದ ಊರಿಕೊಂಡು ನಡೆಯುವ ವಾಕರ್ ಹಿಡಿಯಲಾಗುತ್ತಿರಲಿಲ್ಲ. ಎಬ್ಬಿಸಲು ಹೋದರೆ ನೋವಿಗೆ ಅದೇ ಪ್ಲಾಸ್ಟರ್ ಕೈಯಿಂದ ಹೊಡೆಯುತ್ತಿದ್ದರು. ಒಂದು ಸಲ ನನ್ನ ತುಟಿ ಒಡೆಯಿತು.

"ಬೇಕಂತಲೇ ಒತ್ತುತೀಯಲ್ವೇನೇ?"

"ಇಲ್ಲ ಅತ್ತೆ. ಇನ್ನೆರಡು ಹೆಜ್ಜೆ."

"ನಿನ್ನ ಹೆಜ್ಜೆ ಹಾಳಾಗ! ಆ ಸೂಜಿಯವಳನ್ನ ಕರ್ಕೊಂಡು ಬಾ, ಆಗ ನಡೀತೀನಿ."

ಇವರ ಅಕ್ಕ ಒಂದು ವಾರ ರಜೆ ಹಾಕಿ ಸಹಾಯಕ್ಕೆ ಬಂದರು. ಅತ್ತಿಗೆ ಬಸ್ ಡ್ರೈವರ್. ಮಗಳು ಬಸ್ಸತ್ತೆ ಎನ್ನುತ್ತಾಳೆ. ಬಂದ ದಿನವೇ ತಾಯಿಯ ಮೈ ಒರೆಸುತ್ತಾ, ಹಳದಿಗೆ ತಿರುಗಿದ್ದ ತೋಳಿನ ಗುರುತನ್ನು ಕಂಡರು.

ಮಗಳು ನನ್ನೊಡನೆ ಮಾತು ನಿಲ್ಲಿಸಿದ್ದಳು. ಅಪ್ಪ ಕರೆದರೆ ಓಡಿಹೋಗಿ ನಿಲ್ಲುತ್ತಿದ್ದಳು, ಅಜ್ಜಿಗೆ ನೀರು ಕುಡಿಸುತ್ತಿದ್ದಳು, ಬಸ್ಸತ್ತೆಯ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ನನಗೆ ಮಾತ್ರ ಹೂಂ, ಇಲ್ಲ, ಬೇಡ.

"ಏನಾಯ್ತೇ ಇಲಿಮರಿ? ಏನಾದ್ರೂ ಕೇಳ್ಬೇಕಾ?"

"ಏನಿಲ್ಲ."

"ಕಾಲು ಇನ್ನೂ ನೋಯುತ್ತಾ?"

"ಇಲ್ಲ."

ಮಗು ಅಪ್ಪನಿಗೆ ಹೆದರಿದೆ ಎಂದು ಅತ್ತಿಗೆ ಹೇಳಿದರು. ಅಲ್ಲ ಎಂದು ನನಗೆ ಗೊತ್ತಿತ್ತು. ತಟ್ಟೆ ಇಡುವಾಗ, ಗುಂಡಿ ಹಾಕುವಾಗ ಅವಳ ಕಣ್ಣು ನನ್ನ ಕೈಯ ಮೇಲೇ ಇರುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ಜೇಬಿನಿಂದ ಒಂದು ಕಾಗದ ತೆಗೆದರು. ಆಸ್ಪತ್ರೆಗೆ ಬರೆದ ದೂರು. ಇಂಜೆಕ್ಷನ್‌ನಿಂದ ತಾಯಿಯ ಕಾಲು ಸತ್ತುಹೋಯಿತು. ಕಾಲು ಊರಬಾರದೆಂದು ಡಾಕ್ಟರ್ ಯಾರಿಗೂ ಎಚ್ಚರಿಕೆ ಕೊಡಲಿಲ್ಲ. ಅವರ ಬೇಜವಾಬ್ದಾರಿಯಿಂದ ಎರಡನೇ ಸಲ ಬಿದ್ದರು. ಕೆಳಗೆ ಇವರ ಸಹಿ. ಪಕ್ಕದಲ್ಲಿ ಸಾಕ್ಷಿಗೆ ಜಾಗ.

"ಇಲ್ಲಿ ನೀನು ಹಾಕು."

"ಡಾಕ್ಟರ್ ಹೇಳಿದ್ರು ರೀ. ನನಗೇ ಹೇಳಿದ್ರು."

"ಹೇಳ್ಲಿಲ್ಲ."

ಅತ್ತಿಗೆ ಕಾಗದ ಕಿತ್ತುಕೊಂಡು ಓದಿದರು. "ಎರಡನೇ ಸಲ ಬಿದ್ದಿದ್ದು ಸೂಜಿಯಿಂದ, ಸರಿ. ಮೊದಲನೇ ಸಲ?"

"ಬಚ್ಚಲಲ್ಲಿ."

"ಅಮ್ಮನ ತೋಳಲ್ಲಿ ಐದು ಬೆರಳಿನ ಗುರುತಿದೆ. ನಿಮ್ಮನೆ ಬಚ್ಚಲಿಗೆ ಕೈ ಬೇರೆ ಬಂದಿದೆಯೇನೋ?"

"ಅಕ್ಕ, ಸುಮ್ನೆ ಊಟ ಮಾಡು."

"ಸುಮ್ನೆ ಊಟ ಮಾಡೋಕೆ ನಾನೇನು ನಿನ್ನ ಹೆಂಡ್ತಿಯೇನೋ? ಅಪ್ಪ ನನ್ನ ಕೈ ಮುರಿದಾಗ ನೀನು ಮಂಚದ ಕೆಳಗೆ ಕೂತು ಅಳ್ತಿದ್ದೆ. ಮರೆತ್ಯಾ? ಆಗಲೂ ಅಮ್ಮ ಬಚ್ಚಲು ಅಂತಾನೇ ಹೇಳಿದ್ದು. ಈ ಮನೇಲಿ ಬಚ್ಚಲಿಗೆ ಬಿದ್ದಷ್ಟು ಅಪವಾದ ಇನ್ಯಾರಿಗೂ ಬಿದ್ದಿಲ್ಲ!"

ಇವರು ತಟ್ಟೆ ಎತ್ತಿ ಗೋಡೆಗೆ ಬೀಸಿದರು. ಅನ್ನ ಅತ್ತೆಯ ಹಾಸಿಗೆಯವರೆಗೆ ಚೆಲ್ಲಿತು. ಅತ್ತಿಗೆ ಎದ್ದರು, ಇವರು ಅವರ ಎದೆಗೆ ಕೈಯಿಟ್ಟು ತಳ್ಳಿದರು. ಅತ್ತಿಗೆ ಸಾರಿನ ಪಾತ್ರೆಯಲ್ಲಿದ್ದ ಸೌಟು ತೆಗೆದು ತಮ್ಮನ ಕೆನ್ನೆಗೆ ಬಾರಿಸಿದರು.

"ಅರವತ್ತು ಜನರನ್ನ ಹತ್ತಿಸ್ಕೊಂಡು ಇಳಿಸ್ತೀನಿ ಕಣೋ ದಿನಾ! ನಿನ್ನೊಬ್ಬನ್ನ ಇಳಿಸೋಕಾಗಲ್ವಾ?"

"ಹೊಡೀಬೇಡ ಕಣೇ ಅವನನ್ನ!" ಮಂಚದಿಂದ ಅತ್ತೆ ಕೂಗಿದರು. "ನನ್ನ ಮಗ ಅವನು!"

"ನಾನ್ಯಾರಮ್ಮ?"

ಅತ್ತೆ ಗೋಡೆ ಕಡೆ ಮುಖ ತಿರುಗಿಸಿದರು. ಅತ್ತಿಗೆ ಸೌಟನ್ನು ಮೆಲ್ಲಗೆ ಪಾತ್ರೆ ತೊಳೆಯುವ ತೊಟ್ಟಿಗೆ ಹಾಕಿದರು. ಅಷ್ಟರಲ್ಲಿ ಇವರು ಒಳಗಿಂದ ಅವರ ಚೀಲ ತಂದು ಮೆಟ್ಟಿಲ ಕೆಳಗೆ ಎಸೆದಿದ್ದರು. ಹೋಗುವಾಗ ಅತ್ತಿಗೆ ನನ್ನ ಹತ್ತಿರ ಬಂದು, "ನೀನೂ ಮಗುವೂ ನನ್ನ ಜೊತೆ ಬನ್ನಿ," ಎಂದರು. ಅತ್ತೆಯ ಹಾಸಿಗೆಯಲ್ಲಿ ಅನ್ನ ಬಿದ್ದಿತ್ತು, ಮಲಮೂತ್ರದ ಪಾತ್ರೆ ತೆಗೆಯುವ ಹೊತ್ತಾಗಿತ್ತು. "ಇವರನ್ನ ಯಾರು ನೋಡ್ಕೋತಾರೆ ಅಕ್ಕ?" ಎಂದೆ. ಅತ್ತಿಗೆ ನನ್ನ ತಲೆ ಸವರಿ ಇಳಿದುಹೋದರು.

ಮರುದಿನ ಮಗಳು ಸ್ಕೂಲಿನಿಂದ ಬಂದು ಅಜ್ಜಿಯ ಪಕ್ಕ ಕೂತು ಹಾಲು ಕುಡಿಯುತ್ತಿದ್ದ ಹೊತ್ತಿಗೆ ಇವರು ಅಂಗಡಿಯಿಂದ ಅಡುಗೆಮನೆಗೆ ಬಂದು ಬಾಗಿಲು ಹಾಕಿದರು. ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಪೆನ್ನು ಇಟ್ಟರು.

"ಹಾಕು."

"ಆ ಡಾಕ್ಟರ್ ಹುಡುಗಿ ಏನು ತಪ್ಪು ಮಾಡಿದ್ಲು ರೀ? ಅತ್ತೆಯ ನೋವು ತೆಗೆದ್ಲು."

ಮೊದಲ ಏಟು ಕಿವಿಗೆ ಬಿತ್ತು. ಒಳಗೆ ಸಿಳ್ಳೆ ಹೊಡೆದ ಹಾಗಾಯಿತು. ಕೂದಲು ಹಿಡಿದು ಮೇಜಿನ ಅಂಚಿಗೆ ತಲೆ ಗುದ್ದಿಸಿದರು. ಬಿದ್ದ ಮೇಲೆ ಕಾಲಿನಿಂದ. ನಾನು ಕೂಗಲಿಲ್ಲ; ಬಾಗಿಲಾಚೆ ಮಗಳಿದ್ದಳು. ಆದರೂ ಏನೋ ಸದ್ದು ನನ್ನ ಬಾಯಿಂದ ಬರುತ್ತಿದ್ದಿರಬೇಕು. ನಡುಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಇಲಿಮರಿ, ನನ್ನ ಕೈಗೆ ಎಟುಕಲ್ಲ. ಆ ರೇಡಿಯೊ ಸ್ವಲ್ಪ ಜೋರು ಮಾಡು ಚಿನ್ನ."

ಆಮೇಲೆ ರೇಡಿಯೊ ಜೋರಾಯಿತು. ಯಾರೋ ಹವಾಮಾನ ಹೇಳುತ್ತಿದ್ದರು. ನನ್ನ ಮಗಳ ಕೈ ಆ ಗುಂಡಿ ತಿರುಗಿಸಿತ್ತು.

ನಾನು ಮೇಜು ಹಿಡಿದುಕೊಂಡು ಎದ್ದು ಸಹಿ ಹಾಕಿದೆ.

*

ಆರನೇ ವಾರ ಆಸ್ಪತ್ರೆಯಿಂದ ವಿಚಾರಣೆಗೆ ಕರೆ ಬಂತು. ಅತ್ತೆಯ ಕೈಕಟ್ಟು ಬಿಚ್ಚಿಸುವುದೂ ಅವತ್ತೇ. ಎಲ್ಲರೂ ಬರಬೇಕು ಎಂದಿದ್ದರು. ಹೊರಡುವ ಮುಂಚೆ ಇವರು ಮಗಳ ಅಂಗಿಯ ಕಾಲರ್ ಸರಿಮಾಡಿ, "ನಿನ್ನ ಯಾರೂ ಏನೂ ಕೇಳಲ್ಲ. ಕೇಳಿದ್ರೆ ಬಚ್ಚಲು," ಎಂದರು. ಅವಳು ಹೂಂ ಎಂದಳು.

ಗಾಲಿಕುರ್ಚಿಯಲ್ಲಿ ಅತ್ತೆಯನ್ನು ತಳ್ಳಿಕೊಂಡು ಎಮರ್ಜೆನ್ಸಿ ದಾಟುವಾಗ ಎಕ್ಸ್‌ರೇ ಕೋಣೆಯೊಳಗಿಂದ ಒಬ್ಬ ಮುದುಕನ ಕೂಗು ಕೇಳಿಸಿತು. ಮನುಷ್ಯನದು ಅನಿಸುತ್ತಿರಲಿಲ್ಲ. ಬಾಗಿಲಲ್ಲಿ ಅದೇ ಧಡೂತಿ ನರ್ಸ್ ನಿಂತಿದ್ದರು.

"ಸೊಂಟ," ಎಂದರು, ನಾನು ಕೇಳದಿದ್ದರೂ. "ಈಗ ಆ ಇಂಜೆಕ್ಷನ್ ನಿಲ್ಲಿಸಿದಾರೆ. ನಿಮ್ಮ ದೂರು ತೀರ್ಮಾನ ಆಗೋವರೆಗೂ ಯಾರಿಗೂ ಇಲ್ಲ. ಕೊಡೋ ಡಾಕ್ಟರನ್ನೂ ಡ್ಯೂಟಿಯಿಂದ ತೆಗೆದಿದಾರೆ."

ಅತ್ತೆ ಎರಡೂ ಕಿವಿಗೆ ಕೈಯಿಟ್ಟುಕೊಂಡರು. "ಬೇಗ ತಳ್ಳೇ," ಎಂದರು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಜಗ್ಗು, ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು. ನರೆಗೂದಲಿನ ಅಧಿಕಾರಿಯೊಬ್ಬರು ನಡುವೆ ಕೂತಿದ್ದರು. ಮೇಜಿನ ಕೊನೆಯಲ್ಲಿ ಆ ಚಿಕ್ಕ ಡಾಕ್ಟರ್. ಬಿಳಿ ಕೋಟು ಇಲ್ಲದೆ ಇನ್ನೂ ಚಿಕ್ಕವರಾಗಿ ಕಂಡರು. ಮಗಳನ್ನು ನೋಡಿ ನಗಲು ಹೋಗಿ ನಿಲ್ಲಿಸಿದರು.

"ನಾನು ಹೇಳಿದ್ದೆ ಸರ್," ಎಂದರು. "ಆದ್ರೆ ಬರೆದಿಡಲಿಲ್ಲ. ಪಕ್ಕದ ರೋಗಿಗೆ ಉಸಿರು ಕಟ್ಟಿತ್ತು, ಓಡಿದೆ. ಬರೆಯದೇ ಇದ್ದಿದ್ದು ನನ್ನ ತಪ್ಪು."

"ಅಂದ್ರೆ ಇವರ ಮಾತಿನ ಮೇಲೆ ನಿಂತಿದೆ," ಎಂದು ಅಧಿಕಾರಿ ನಮ್ಮ ಕಡೆ ತಿರುಗಿದರು.

"ಹೇಳ್ಲಿಲ್ಲ," ಎಂದರು ಇವರು. "ಒಂದು ಮಾತೂ ಹೇಳ್ಲಿಲ್ಲ."

"ನೀವು ಆಗ ಒಳಗಿದ್ರಾ?"

"ನನ್ನ ಹೆಂಡ್ತಿ ಇದ್ಲು. ಅವಳನ್ನೇ ಕೇಳಿ."

"ಅಜ್ಜಿ, ನಿಮಗೆ ನೆನಪಿದೆಯಾ?"

"ವಯಸ್ಸಾಯ್ತಪ್ಪ," ಎಂದರು ಅತ್ತೆ, ಡಾಕ್ಟರ ಕಡೆ ನೋಡದೆ. "ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ."

ಅಧಿಕಾರಿ ಪೆನ್ನನ್ನು ನನ್ನ ಸಹಿಯ ಮೇಲಿಟ್ಟರು. "ಇದು ನಿಮ್ಮದೇ ಅಲ್ವಾ ಅಮ್ಮ? ಕಾಲು ಊರಬಾರದು ಅಂತ ಡಾಕ್ಟರ್ ನಿಮಗೆ ಹೇಳಿದ್ರಾ, ಇಲ್ವಾ?"

ಇವರ ಮೊಣಕಾಲು ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ತಾಗಿತ್ತು. ಒತ್ತಿರಲಿಲ್ಲ. ಸುಮ್ಮನೆ ತಾಗಿತ್ತು. ನನ್ನ ಎಡಗಿವಿಯಲ್ಲಿ ಇನ್ನೂ ಸಿಳ್ಳೆ ನಿಂತಿರಲಿಲ್ಲ. ಡಾಕ್ಟರ್ ನನ್ನನ್ನೇ ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಕಾಯುವವರ ಹಾಗೆ.

"ಇಲ್ಲ," ಎಂದೆ. "ಹೇಳಲಿಲ್ಲ."

ಅಧಿಕಾರಿ ಬರೆದುಕೊಳ್ಳತೊಡಗಿದರು. ಗೋಡೆಯ ಪಕ್ಕದ ಬೆಂಚಿನಿಂದ ಮಗಳು ಇಳಿದು ಬಂದಳು. ಅವಳ ಬೂಟಿನ ಸದ್ದಿಗೆ ಇವರು ತಲೆಯೆತ್ತಿದರು. ಅತ್ತೆ ಕುರ್ಚಿಯ ಕೈ ಹಿಡಿದುಕೊಂಡರು.

"ಏನು ಪುಟ್ಟಾ?" ಎಂದರು ಅಧಿಕಾರಿ.

"ಮಕ್ಕಳು ಸರ್, ಏನೇನೋ ಮಾತಾಡ್ತವೆ," ಎಂದು ಇವರು ಅರ್ಧ ಎದ್ದರು. "ಹೋಗು, ಕೂತ್ಕೋ ಹೋಗು."

ಅವಳು ಅಪ್ಪನ ಕಡೆ ನೋಡಲಿಲ್ಲ. ಅಧಿಕಾರಿಯ ಕಡೆಯೂ ನೋಡಲಿಲ್ಲ. ಮೇಜಿನ ಸುತ್ತ ನಡೆದು ಬಂದು ನನ್ನ ಮುಂದೆ ನಿಂತಳು. ಆರು ವಾರದಲ್ಲಿ ಮೊದಲ ಸಲ ಅವಳ ಕಣ್ಣು ನನ್ನ ಕೈಯನ್ನು ಬಿಟ್ಟು ಮುಖಕ್ಕೆ ಬಂತು.

"ಅಮ್ಮಾ, ಕಾಲು ಊರಬಾರದು, ಕಂಬಿ ಇಳಿಸಬಾರದು ಅಂತ ಡಾಕ್ಟರ್ ಹೇಳಿದಾಗ ನೀನು 'ಗೊತ್ತಾಯ್ತು' ಅಂದಿದ್ದೆ. ನಾನು ಪಕ್ಕದಲ್ಲೇ ಇದ್ದೆ. ಗೊತ್ತಿದ್ದೂ ನೀನ್ಯಾಕಮ್ಮ ಕಂಬಿ ಇಳಿಸಿದೆ?"